ಬೆಟ್ಟ ನೋಡಿ ಊರು ಆರಿಸಿಕೊಳ್ಳುವವರಿಗೆ

ಊರು ಬದಲಿಸುವವರು ನಮ್ಮಲ್ಲಿ ಮೊದಲು ವಿಚಾರಿಸುವುದು ಕೆಲಸ, ಆಮೇಲೆ ಶಾಲೆ, ಆಸ್ಪತ್ರೆ. ಹತ್ತಲು ಬೆಟ್ಟವಿದೆಯೇ, ಬೆಳಗ್ಗೆ ನಡೆದಾಡಲು ಜಾಗವಿದೆಯೇ ಎಂದು ಕೇಳಿ ಮನೆ ಹುಡುಕುವವರೂ ಈಚೆಗೆ ಸಿಗುತ್ತಾರೆ. ಬೆಂಗಳೂರು ಬಿಡಬೇಕೆನ್ನುವ ಇವರ ಕಣ್ಣು ಹೋಗುವುದು ಮೈಸೂರು, ಚಿಕ್ಕಮಗಳೂರು, ಮಡಿಕೇರಿಯ ಕಡೆಗೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಸೀಮೆಯಿಂದ ನೋಡುವ ನನಗೆ, ನಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗ ಅವರ ಲೆಕ್ಕದಲ್ಲೇ ಇಲ್ಲವಲ್ಲ ಎಂದು ಬೇಸರವಾಗುತ್ತದೆ.

ಹೊರಗೆ ಓಡಾಡಿಕೊಂಡು ಬದುಕಬೇಕೆನ್ನುವವರು ಹಸಿರನ್ನೇ ಹುಡುಕುತ್ತಾರೆ. ಆದರೆ ಬೇಕಿರುವುದು ಒಣನೆಲ. ಮಲೆನಾಡಿನಲ್ಲಿ ಮಳೆ ಹಿಡಿದರೆ ಬಂಡೆ ಪಾಚಿಗಟ್ಟುತ್ತದೆ, ಕಾಲುದಾರಿಯಲ್ಲಿ ಜಿಗಣೆ, ತಿಂಗಳುಗಟ್ಟಲೆ ಮನೆಯೊಳಗೇ ವಾಸ. ಚಿತ್ರದುರ್ಗದ ಕಡೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ತೆಂಗು, ರಾಗಿ ನಂಬಿದ ನಮ್ಮ ಹೋಬಳಿಯವರಿಗೆ ಅದು ಸಾಲದು. ಬೋರ್‌ವೆಲ್ ಬತ್ತಿದ ತೋಟಗಳನ್ನು ಕಂಡವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಬೆಟ್ಟ ಹತ್ತುವವರಿಗೆ ಮಾತ್ರ ಅದೇ ಅನುಕೂಲ. ಮುಂಗಾರಿನ ನಡುವೆಯೂ ಬೆಳಗ್ಗೆ ಎದ್ದು ಹೊರಟರೆ ಬಂಡೆ ಒಣಗಿಯೇ ಇರುವ ದಿನಗಳು ಇಲ್ಲಿ ಹೆಚ್ಚು.

ಕಲ್ಲಿನಿಂದಾಗಿಯೇ ಈ ಊರಿನಲ್ಲಿ ಉಳಿದವರ ಪೈಕಿ ನಾಡಿಗೆಲ್ಲ ಗೊತ್ತಿರುವವರು ಜ್ಯೋತಿರಾಜ್. ಹುಟ್ಟಿದ್ದು ತಮಿಳುನಾಡಿನಲ್ಲಿ, ಹೊಟ್ಟೆಪಾಡಿಗೆ ಮಾಡಿದ್ದು ಕೂಲಿ ಕೆಲಸ. ಬದುಕು ಸಾಕೆನಿಸಿ ಚಿತ್ರದುರ್ಗದ ಕೋಟೆಗೆ ಬಂದವರು ಹತ್ತುವುದರಲ್ಲೇ ಬದುಕು ಕಂಡುಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮಂಗಗಳು ಹತ್ತುವುದನ್ನು ನೋಡಿ ನೋಡಿ ಕಲಿತ ಅವರನ್ನು ಜನ ಕೋತಿರಾಜ್ ಎಂದೇ ಕರೆದರು. ಹಗ್ಗವಿಲ್ಲ, ಕೊಕ್ಕೆಯಿಲ್ಲ. ಗಾರೆಯಿಲ್ಲದೆ ಜೋಡಿಸಿದ ಕೋಟೆಗೋಡೆಯ ಕಲ್ಲುಗಳ ನಡುವಿನ ಸಂದಿಗೆ ಬೆರಳ ತುದಿ ತೂರಿಸಿ, ಕಾಲ್ಬೆರಳು ಊರಿ, ಪ್ರವಾಸಿಗರು ಉಸಿರು ಬಿಗಿಹಿಡಿದು ನಿಂತಿರುವಂತೆಯೇ ಮೇಲೇರುತ್ತಾರೆ. ಎಲ್ಲಿಂದಲೋ ಬಂದ ಕೂಲಿಯಾಳಿಗೆ ಒಂದು ಊರಿನ ಬಂಡೆ ಕಸುಬನ್ನೂ ಹೆಸರನ್ನೂ ಕೊಟ್ಟದ್ದು ದೊಡ್ಡ ಸಂಗತಿ.

ಅವರಂತೆ ಹತ್ತಲು ಯಾರೂ ಹೋಗಬಾರದು. ಆ ಸಾಹಸ ಬೇಡವೇ ಬೇಡ. ಸಾಮಾನ್ಯರಿಗೂ ಈ ಕೋಟೆಯಲ್ಲಿ ಬೇಕಾದಷ್ಟಿದೆ. ತುಪ್ಪದ ಕೊಳದ ಬತೇರಿಗೆ ಹೋಗುವ ಬಂಡೆಯ ಮೈಯಲ್ಲಿ ಕಡಿದಿರುವ ಗುಳಿಗಳನ್ನು ನೋಡಿ. ಪಾದದ ಮುಂಭಾಗಕ್ಕಷ್ಟೇ ಜಾಗ. ಬಂಡೆಗೆ ಮೈಯೊರಗಿಸಿ, ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆಯೇ ಇನ್ನೊಂದನ್ನು ಎತ್ತಬೇಕು. ಪಾಳೆಯಗಾರರ ಕಾಲದ ಕಾವಲುಗಾರರ ದಾರಿಯಿದು. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳ ದಡದಲ್ಲಿ ಕೂತರೆ, ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಆ ಜನ ಹೇಗೆ ಹಿಡಿದಿಟ್ಟಿದ್ದರೆಂಬುದೂ ಕಣ್ಣೆದುರೇ ಇರುತ್ತದೆ.

ಕೋಟೆ ಒಂದೇ ಅಲ್ಲ. ಪಕ್ಕದಲ್ಲೇ ಚಂದ್ರವಳ್ಳಿಯ ಕೆರೆ, ಗುಹೆಗಳು. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ಜಾಗ. ಆಡುಮಲ್ಲೇಶ್ವರ ದಾಟಿದರೆ ಜೋಗಿಮಟ್ಟಿಯ ಕಾಡು, ಅಲ್ಲಿನ ಗಾಳಿ. ಹಿರಿಯೂರಿನ ಹಾದಿಯಲ್ಲಿ ಮರಡಿಹಳ್ಳಿಯ ದಿಂಬುಗಲ್ಲುಗಳು. ನೀರಿನೊಳಗೆ ಹರಿದು ಹೆಪ್ಪುಗಟ್ಟಿದ ಲಾವಾ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇನ್ನೊಂದು ದಿಕ್ಕಿಗೆ ಮಾರಿಕಣಿವೆ: 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ.

ಇಷ್ಟೆಲ್ಲ ಇದ್ದರೂ ಅದನ್ನು ಉಳಿಸಿಕೊಳ್ಳುವ ಏರ್ಪಾಡು ಮುಖ್ಯ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಗೆ ಬಂಡೆ ಹತ್ತಲೆಂದೇ ದೇಶವಿದೇಶದವರು ಬಂದು ತಿಂಗಳುಗಟ್ಟಲೆ ನಿಲ್ಲುತ್ತಿದ್ದರು. ನಿಯಮ ಮೀರಿ ಎದ್ದ ವಸತಿಗೃಹಗಳ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ಅವನ್ನು ಕೆಡವಬೇಕಾಯಿತು. ಬಂದವರಿಗೆಂದು ಮನಸ್ಸಿಗೆ ಬಂದಂತೆ ಕಟ್ಟಲು ಬಿಟ್ಟದ್ದರ ಫಲ ಅದು. ಅಮೆರಿಕದ ಬೌಲ್ಡರ್ ನಗರದವರು ಬೇರೆ ದಾರಿ ಹಿಡಿದರು. ಊರ ಸುತ್ತಲಿನ ಗುಡ್ಡ, ಬಯಲು ಕೊಂಡು ಉಳಿಸಲು 1967ರಲ್ಲಿ ಮತ ಹಾಕಿ, ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹೇರಿಕೊಂಡರು. ಬೆಟ್ಟ ಹತ್ತುವವರು ಇಂದಿಗೂ ಆ ಊರಿಗೆ ವಲಸೆ ಬರುತ್ತಾರೆ. ದುರ್ಗದವರು ತೆರಿಗೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಕೋಟೆಯ ಬೆನ್ನಿನ ಗುಡ್ಡಗಳಿಗೆ ಸೈಟು ಹತ್ತದಂತೆ ನೋಡಿಕೊಳ್ಳಬೇಕು. ಹಗ್ಗ ಕಟ್ಟಿ, ಗುರುವಿನ ಕೈಕೆಳಗೆ ಹತ್ತಲು ಸ್ಮಾರಕದಿಂದ ದೂರದ ಒಂದೆರಡು ಬಂಡೆಗಳನ್ನಾದರೂ ನಮ್ಮ ಹಳ್ಳಿಯ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಬೇಕು. ಶ್ರೀರಾಂಪುರದಿಂದ ಬೆಂಗಳೂರಿನ ಬಸ್ಸು ಹತ್ತುವ ಮಕ್ಕಳಲ್ಲಿ ಕೆಲವರಾದರೂ ಆಗ ದುರ್ಗದಲ್ಲೇ ನಿಲ್ಲುವ ಯೋಚನೆ ಮಾಡಿಯಾರು.

ಬರಬೇಕೆನ್ನುವವರು ಡಿಸೆಂಬರಿನಲ್ಲಿ ಬಂದು ಮನೆ ಗೊತ್ತು ಮಾಡಬೇಡಿ, ಏಪ್ರಿಲಿನಲ್ಲಿ ಬನ್ನಿ. ಒಂಬತ್ತು ಗಂಟೆಗೆ ಬಂಡೆ ಕಾದು ಕೈ ಇಡಲಾಗದ ಬಿಸಿಲು ನೋಡಿ. ಸೂರ್ಯ ಹುಟ್ಟುವ ಮುಂಚೆ ಹೊರಟು ಎಂಟರೊಳಗೆ ಇಳಿದುಬಿಡುವ ರೂಢಿ ನಿಮಗೆ ಒಗ್ಗುತ್ತದೆಯೇ ತಿಳಿದುಕೊಳ್ಳಿ. ಬಾಡಿಗೆ ಮಾತಾಡುವ ಮೊದಲು, ಬೇಸಿಗೆಯಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಅಕ್ಕಪಕ್ಕದ ಮನೆಯವರನ್ನು ಕೇಳಿ.