ನೆಟ್‌ವರ್ಕ್ ಕೋರ್ಸಿಗೆ ಫೀಸು ಕಟ್ಟುವ ಮೊದಲು



ಈ ಸಾಲಿನ ಅರ್ಜಿಗಳಲ್ಲಿ ‘ಕೋರ್ಸಿನ ಹೆಸರು’ ಎಂಬ ಜಾಗದಲ್ಲಿ ಬರೀ ‘ನೆಟ್‌ವರ್ಕಿಂಗ್’ ಎಂದು ಬರೆದವರು ಹಲವರಿದ್ದರು. ಎಷ್ಟು ತಿಂಗಳು, ಪರೀಕ್ಷೆ ಯಾರು ನಡೆಸುತ್ತಾರೆ, ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಎಂದು ಸಂದರ್ಶನದಲ್ಲಿ ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿರಲಿಲ್ಲ. ಅವರನ್ನು ದೂರುವಂತಿಲ್ಲ, ಕೆಲವು ವರ್ಷಗಳ ಹಿಂದೆ ನಮಗೂ ಇದು ಗೊತ್ತಿರಲಿಲ್ಲ.

ನಮ್ಮ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ಖಾನಾಪುರ ತಾಲ್ಲೂಕಿನ ಒಬ್ಬ ಹುಡುಗ ಪಿಯುಸಿ ಮುಗಿಸಿ, ನಗರದ ಒಂದು ತರಬೇತಿ ಕೇಂದ್ರದಲ್ಲಿ ‘ಸಿಸಿಎನ್ಎ’ ಕೋರ್ಸಿಗೆ ಸೇರಿದ. ಅರ್ಧ ಫೀಸು ನಾವು ಕೊಟ್ಟೆವು, ಉಳಿದರ್ಧಕ್ಕೆ ಅವನ ತಾಯಿ ಬಳೆ ಅಡವಿಟ್ಟರು. ಕೋರ್ಸು ಮುಗಿದ ಮೇಲೆ ಬಣ್ಣದ ಸರ್ಟಿಫಿಕೇಟ್ ಸಿಕ್ಕಿತು. ಕೆಲಸಕ್ಕೆ ಹೋದಲ್ಲಿ, ‘ಇದು ಸೆಂಟರಿನವರು ಕೊಟ್ಟಿದ್ದು, ಸಿಸ್ಕೋ ಪರೀಕ್ಷೆ ಬರೆದಿದ್ದೀಯಾ?’ ಎಂದು ಕೇಳಿದರು. ಬರೆದಿರಲಿಲ್ಲ. ಅಂಥದೊಂದು ಪರೀಕ್ಷೆ ಬೇರೆಯಾಗಿಯೇ ಇದೆ, ಅದರ ಫೀಸೂ ಬೇರೆ ಎಂಬುದು ಅವನಿಗೂ ತಿಳಿದಿರಲಿಲ್ಲ, ಹಣ ಮಂಜೂರು ಮಾಡಿದ ನಮಗೂ ತಿಳಿದಿರಲಿಲ್ಲ. ದಾನಿಗಳ ಹಣ ನಮ್ಮಲ್ಲಿ ಅಮಾನತ್. ಅದನ್ನು ವಿಚಾರಿಸದೆ ಕೊಟ್ಟದ್ದು ನಮ್ಮದೇ ಲೋಪ.

ಇನ್ನು ಈ ಕೆಲಸವೆಂದರೆ ಏನೆಂದು ನೋಡೋಣ. ಆಸ್ಪತ್ರೆಯ ಬಿಲ್ ಕೌಂಟರ್, ಬ್ಯಾಂಕಿನ ಶಾಖೆ, ಉದ್ಯಮಬಾಗದ ಕಾರ್ಖಾನೆ, ಕಾಲೇಜಿನ ಲ್ಯಾಬ್ ಎಲ್ಲ ಕಡೆ ಕಂಪ್ಯೂಟರುಗಳು ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಸ್ವಿಚ್, ರೂಟರ್, ವೈಫೈ, ಫೈರ್‌ವಾಲ್ ಇವುಗಳನ್ನು ಹೊಂದಿಸಿ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವವನೇ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್. ಮೊದಲ ದಿನವೇ ಈ ಹುದ್ದೆ ಯಾರಿಗೂ ಸಿಗುವುದಿಲ್ಲ. ಕೇಬಲ್ ಎಳೆಯುವುದು, ಪ್ರಿಂಟರ್ ಸರಿಮಾಡುವುದು, ಫೋನಿನಲ್ಲಿ ದೂರು ಬರೆದುಕೊಳ್ಳುವುದು ಮೊದಲ ಮೆಟ್ಟಿಲು. ಕೆಲವು ಕಡೆ ರಾತ್ರಿ ಪಾಳಿಯೂ ಇರುತ್ತದೆ. ಇದನ್ನು ಕೇಳಿ ಬೇಸರವಾಗುವವರು ಬೇರೆ ದಾರಿ ನೋಡುವುದು ಒಳ್ಳೆಯದು.

ಎಸ್ಎಸ್ಎಲ್‌ಸಿ ಮುಗಿಸಿದವರಿಗೆ ನಾವು ಮೊದಲು ಹೇಳುವುದು ಪಾಲಿಟೆಕ್ನಿಕ್. ಬೆಳಗಾವಿಯಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಫೀಸು ಖಾಸಗಿಗಿಂತ ಬಹಳ ಕಡಿಮೆ. ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್, ಯಾವುದಾದರೂ ಈ ಕೆಲಸಕ್ಕೆ ಹೊಂದುತ್ತದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಓದು ಅಲ್ಲಿಗೇ ನಿಂತರೂ ಡಿಪ್ಲೊಮಾಕ್ಕೆ ಬೆಲೆಯಿದೆ. ಮನೆಯಲ್ಲಿ ಬೇಗ ದುಡಿಮೆ ಬೇಕೆನ್ನುವವರು ಐಟಿಐ ನೋಡಬಹುದು. ಆದರೆ ಟ್ರೇಡ್ ನೋಡಿ ಸೇರಿ. ‘ಕೋಪಾ’ ಟ್ರೇಡಿನಲ್ಲಿ ಹೆಚ್ಚಿನ ಪಾಲು ಆಫೀಸ್ ಸಾಫ್ಟ್‌ವೇರಿನ ಕೆಲಸ. ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ಮೇಂಟೆನೆನ್ಸ್ ಟ್ರೇಡೇ ಬೇರೆ. ಅದು ಈ ವರ್ಷ ಯಾವ ಐಟಿಐಯಲ್ಲಿದೆ ಎಂದು ಪ್ರವೇಶದ ಸಮಯದಲ್ಲಿ ವಿಚಾರಿಸಬೇಕು. ಪಿಯುಸಿ ಆದವರಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿಸಿಎ ಇದೆ. ಸಿಇಟಿಯಲ್ಲಿ ಸೀಟು ಸಿಕ್ಕವರು ನಮ್ಮ ನೆರವಿನ ಜೊತೆಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೂ ಅರ್ಜಿ ಹಾಕಲಿ. ಅದನ್ನು ಬಿಟ್ಟು ಟ್ರಸ್ಟಿನ ಹಣವನ್ನಷ್ಟೇ ನಂಬಬಾರದು.

ಸಿಸಿಎನ್ಎ ಬರಬೇಕಾದದ್ದು ಇದರ ನಂತರ ಅಥವಾ ಇದರ ಜೊತೆಗೆ, ಇದರ ಬದಲಿಗೆ ಅಲ್ಲ. ಅದು ಅಮೆರಿಕದ ಸಿಸ್ಕೋ ಕಂಪನಿಯ ಪರೀಕ್ಷೆ. ಅದರ ಸಂಖ್ಯೆ 200-301, ಅವಧಿ 120 ನಿಮಿಷ, ಫೀಸು 300 ಡಾಲರ್ ಮತ್ತು ತೆರಿಗೆ. ಪಾಸಾದರೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೆ ನವೀಕರಿಸಬೇಕು. ಪರೀಕ್ಷೆಗೆ ಕೂರಲು ಯಾವ ಕೋಚಿಂಗ್ ಕೇಂದ್ರದ ಸರ್ಟಿಫಿಕೇಟೂ ಬೇಡ, ಡಿಗ್ರಿಯೂ ಬೇಡ. ಪಾಸಾದವರ ಸರ್ಟಿಫಿಕೇಟನ್ನು ಕೆಲಸ ಕೊಡುವವರು ಆನ್‌ಲೈನಿನಲ್ಲಿ ತಾಳೆ ನೋಡುತ್ತಾರೆ. ಹಾಗಾಗಿ ಕೇಂದ್ರಕ್ಕೆ ಹೋದಾಗ ಮೊದಲ ಪ್ರಶ್ನೆ ಇದು: ನೀವು ಹೇಳುವ ಫೀಸಿನಲ್ಲಿ ಸಿಸ್ಕೋ ಪರೀಕ್ಷೆಯ ಫೀಸು ಸೇರಿದೆಯೇ? ಎರಡನೆಯದು, ಪಠ್ಯ ಯಾವುದು? ಸಿಸ್ಕೋ 2020ರ ಫೆಬ್ರವರಿಯಲ್ಲಿ ಹಳೆಯ ಪರೀಕ್ಷೆಗಳನ್ನು ನಿಲ್ಲಿಸಿ ಈಗಿನದನ್ನು ತಂದಿತು. 200-125 ಎಂದು ಅಚ್ಚಾದ ಪುಸ್ತಕ ಕೊಟ್ಟರೆ, ಫ್ರೇಮ್ ರಿಲೇ ಕಲಿಸುತ್ತೇವೆಂದರೆ, ಅಲ್ಲಿಂದ ಎದ್ದು ಬನ್ನಿ. ‘ಶೇಕಡಾ 100 ನೌಕರಿ’ ಎಂದು ಬೋರ್ಡು ಹಾಕಿದವರಿಂದ ಆ ಮಾತನ್ನು ಬರಹದಲ್ಲಿ ಕೇಳಿ ನೋಡಿ. ಪ್ರಶ್ನೆಪತ್ರಿಕೆಯ ‘ಡಂಪ್’ ಬಾಯಿಪಾಠ ಮಾಡಿಸಿ ಪಾಸು ಮಾಡಿಸುವವರೂ ಇದ್ದಾರೆ. ಅದು ಮೋಸ, ಸಿಸ್ಕೋ ಅಂಥ ಸರ್ಟಿಫಿಕೇಟನ್ನು ರದ್ದು ಮಾಡುತ್ತದೆ.

ಹಣ ಕಟ್ಟುವ ಮೊದಲು ಈ ವಿದ್ಯೆ ತನಗೆ ಒಗ್ಗುತ್ತದೆಯೇ ಎಂದು ಖರ್ಚಿಲ್ಲದೆ ತಿಳಿಯಬಹುದು. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ಕೆಲವು ಆರಂಭಿಕ ಪಾಠಗಳು ಆನ್‌ಲೈನಿನಲ್ಲಿ ಉಚಿತ. ‘ಪ್ಯಾಕೆಟ್ ಟ್ರೇಸರ್’ ಎಂಬ ತಂತ್ರಾಂಶವೂ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ರೂಟರ್ ಕೊಳ್ಳದೆಯೇ ಪರದೆಯ ಮೇಲೆ ಹತ್ತು ರೂಟರ್ ಜೋಡಿಸಿ ನೋಡಬಹುದು. ಗಣಿತಕ್ಕೆ ಹೆದರುವ ಮಕ್ಕಳಿಗೆ ಒಂದು ಮಾತು. ಇಲ್ಲಿ ಮುಖ್ಯವಾಗಿ ಬೇಕಾಗುವುದು ಎರಡರ ಘಾತಗಳು. ಐಪಿವಿ4 ವಿಳಾಸದಲ್ಲಿ 32 ಬಿಟ್‌ಗಳಿವೆ. ‘/26’ ಎಂದರೆ 26 ಬಿಟ್ ನೆಟ್‌ವರ್ಕಿಗೆ ಹೋಗಿ 6 ಉಳಿಯುತ್ತವೆ. ಎರಡನ್ನು ಆರು ಸಲ ಗುಣಿಸಿದರೆ 64. ಅದರಲ್ಲಿ ಮೊದಲನೆಯದು ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಸಂದೇಶ ಕಳಿಸಲು ಮೀಸಲು. ಕಂಪ್ಯೂಟರುಗಳಿಗೆ ಉಳಿಯುವುದು 62. ಈ ಲೆಕ್ಕ ಅರ್ಥವಾದವರಿಗೆ ಮುಂದಿನದೂ ಅರ್ಥವಾಗುತ್ತದೆ. ಉರ್ದು, ಮರಾಠಿ, ಕನ್ನಡ ಮಾಧ್ಯಮದವರಿಗೆ ನಿಜವಾಗಿ ತೊಡಕಾಗುವುದು ಇಂಗ್ಲಿಷ್ ಓದು. ಪರದೆಯ ಮೇಲೆ ಬರುವ ದೋಷದ ಸಾಲನ್ನು ಓದಿ ತಿಳಿಯುವಷ್ಟು ಬೇಕೇ ಬೇಕು, ಅದಕ್ಕೆ ದಿನಾ ಒಂದು ಗಂಟೆ ಇಡಿ.

ಹೆಣ್ಣುಮಕ್ಕಳ ಅರ್ಜಿ ಈ ವಿಷಯದಲ್ಲಿ ತೀರಾ ಕಡಿಮೆ ಬರುತ್ತಿದೆ. ಖಾನಾಪುರದಿಂದ ಬೆಳಗಾವಿಗೆ 25 ಕಿಲೋಮೀಟರಿನ ಆಸುಪಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚೂ ಇಲ್ಲ. ಈ ಕೆಲಸದ ಬಹುಪಾಲು ಕಂಪ್ಯೂಟರಿನ ಮುಂದೆ ಕೂತು ಮಾಡುವಂಥದು, ಹಗಲು ಪಾಳಿಯ ಕೆಲಸವನ್ನೇ ಕೇಳಿ ಪಡೆಯಬಹುದು. ಪಾಲಕರು ಯೋಚಿಸಬೇಕು.

ಮುಂದಿನ ಸಾಲಿನಿಂದ ನಮ್ಮ ನಿಯಮ ಬದಲಾಗಿದೆ. ಡಿಪ್ಲೊಮಾ, ಐಟಿಐ, ಬಿಸಿಎ, ಎಂಜಿನಿಯರಿಂಗ್ ಫೀಸಿಗೆ ಮೊದಲ ಆದ್ಯತೆ. ಖಾಸಗಿ ತರಬೇತಿ ಕೇಂದ್ರದ ಫೀಸನ್ನು ಒಂದೇ ಕಂತಿನಲ್ಲಿ ಕೊಡುವುದಿಲ್ಲ. ಸಿಸ್ಕೋ ಪರೀಕ್ಷೆಯ ಫೀಸನ್ನು, ನಾವು ಗೊತ್ತುಮಾಡಿದ ಶಿಕ್ಷಕರ ಮುಂದೆ ಪ್ಯಾಕೆಟ್ ಟ್ರೇಸರ್‌ನಲ್ಲಿ ಕೆಲಸ ಮಾಡಿ ತೋರಿಸಿದವರಿಗೆ ಕೊಡುತ್ತೇವೆ. ಝಕಾತ್ ನಿಧಿಯಿಂದ ಕೊಡುವ ನೆರವು ಝಕಾತಿಗೆ ಅರ್ಹರಾದವರಿಗೆ ಮಾತ್ರ, ಇತರರಿಗೆ ಸಾಮಾನ್ಯ ದೇಣಿಗೆಯಿಂದ.

ಮೇಲೆ ಹೇಳಿದ ಹುಡುಗ ಈಗ ಇಂಟರ್‌ನೆಟ್ ಫೈಬರ್ ಜೋಡಿಸುವ ಗುತ್ತಿಗೆದಾರರೊಬ್ಬರ ಹತ್ತಿರ ಹಗಲು ದುಡಿದು, ರಾತ್ರಿ ಓದುತ್ತಿದ್ದಾನೆ. ಹೊಸ ನಿಯಮದಡಿ ಮೊದಲು ಪರೀಕ್ಷೆ ಫೀಸು ಕೇಳಿದವನೂ ಅವನೇ. ಬಳೆ ಬಿಡಿಸುವ ಹಣವನ್ನು ನಮ್ಮ ಸದಸ್ಯರು ತಮ್ಮ ಕೈಯಿಂದ ಕೊಟ್ಟಿದ್ದಾರೆ, ಟ್ರಸ್ಟಿನ ಲೆಕ್ಕದಿಂದ ಅಲ್ಲ.

ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇವುಗಳ ನಕಲು ಇರಲಿ. ಖಾಸಗಿ ಕೋರ್ಸಾದರೆ, ಕೇಂದ್ರದವರು ಸಹಿ ಮಾಡಿಕೊಟ್ಟ ಫೀಸಿನ ವಿವರವೂ ಬೇಕು. ಯಾವ ಕೋರ್ಸೆಂದು ಇನ್ನೂ ನಿರ್ಧರಿಸದವರು ಆ ಜಾಗವನ್ನು ಖಾಲಿ ಬಿಟ್ಟು ತರಬಹುದು, ಕೂತು ಮಾತಾಡಿ ತುಂಬೋಣ.