ಮುಂದಕ್ಕೆ ತಳ್ಳಿದಷ್ಟೂ ನಿಧಾನ: ಉಪಗ್ರಹದ ಸುರುಳಿ ದಾರಿ

ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಿಂದ ನಾವು ಮಾತಾಡ್ತಿದ್ದೇವೆ, ಆದರೆ ಇವತ್ತಿನ ಕಥೆ ಶುರುವಾಗೋದು ಹಾಸನದಲ್ಲಿ.

ಇಸ್ರೋದ ಸಂವಹನ ಉಪಗ್ರಹಗಳನ್ನು 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಗೆ ಏರಿಸುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಮಾಮೂಲಿ ಕ್ರಮದಲ್ಲಿ ಉಪಗ್ರಹದ ದ್ರವ ಇಂಧನದ ಇಂಜಿನನ್ನು ಕೆಲವೇ ಸಲ ಜೋರಾಗಿ ಉರಿಸುತ್ತಾರೆ. ಕೆಲವು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಇನ್ನೊಂದು ದಾರಿಯೂ ಇದೆ: ಕ್ಸೆನಾನ್ ಅನಿಲದ ಅಯಾನುಗಳನ್ನು ವಿದ್ಯುತ್ತಿನಿಂದ ಚಿಮ್ಮಿಸುತ್ತಾ, ತಿಂಗಳುಗಟ್ಟಲೆ ಮೆಲ್ಲಗೆ ತಳ್ಳುವುದು. 2017ರ ಮೇ 5ರಂದು ಹಾರಿದ ಜಿಸ್ಯಾಟ್-9ರಲ್ಲಿ ಇಸ್ರೋ ಇಂಥ ವಿದ್ಯುತ್ ಇಂಜಿನ್ ಇಟ್ಟಿತ್ತು. ಕಕ್ಷೆ ಏರಲು ಅಲ್ಲ, ಏರಿದ ಮೇಲೆ ಜಾಗ ಬಿಟ್ಟು ಕದಲದಿರಲು.

ಏರುವುದಕ್ಕೇ ಬಳಸಿದರೆ? ಇಲ್ಲೊಂದು ಸೋಜಿಗ. 300 ಕಿ.ಮೀ. ಎತ್ತರದಲ್ಲಿ ಉಪಗ್ರಹದ ವೇಗ ಸೆಕೆಂಡಿಗೆ 7.7 ಕಿ.ಮೀ., ಭೂಸ್ಥಿರ ಕಕ್ಷೆಯಲ್ಲಿ 3.1 ಮಾತ್ರ. ದಾರಿಯುದ್ದಕ್ಕೂ ಮುಂದಕ್ಕೆ ತಳ್ಳಿದ್ದೇವೆ, ಆದರೂ ವೇಗ ಕಡಿಮೆಯಾಗಿದೆ! ಯಾಕೆ? ಪ್ರತಿ ಸುತ್ತಿನಲ್ಲೂ ಉಪಗ್ರಹ ತುಸು ಮೇಲೇರುತ್ತದೆ. ಇಂಜಿನ್ 1 ರೂಪಾಯಿಯಷ್ಟು ವೇಗ ಕೊಟ್ಟರೆ, ಏರುವ ಖರ್ಚಿಗೆ ಗುರುತ್ವ 2 ರೂಪಾಯಿ ಕಿತ್ತುಕೊಳ್ಳುತ್ತದೆ. ಹಾಗಾಗಿ ಕಳೆದುಕೊಂಡ ವೇಗವೂ ಇಂಜಿನ್ ಕೊಟ್ಟ ವೇಗವೂ ಒಂದೇ: ಸುಮಾರು 4.6 ಕಿ.ಮೀ.

ಜೋರಾಗಿ ಉರಿಸುವ ದಾರಿಗೆ 3.9 ಸಾಕು. ಹಾಗಾದರೆ ಸುರುಳಿ ದಾರಿ ನಷ್ಟವೇ? ಅಲ್ಲ. ದ್ರವ ಇಂಜಿನ್ ಅನಿಲವನ್ನು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಉಗುಳಿದರೆ, ವಿದ್ಯುತ್ ಇಂಜಿನ್ 15 ಅಥವಾ ಇನ್ನೂ ಹೆಚ್ಚು. 1,000 ಕೆ.ಜಿ.ಯ ಉಪಗ್ರಹಕ್ಕೆ ಲೆಕ್ಕ ಹಾಕಿದರೆ, ಅಲ್ಲಿ ಸುಮಾರು 700 ಕೆ.ಜಿ. ಇಂಧನವೇ ಆಗುತ್ತದೆ, ಇಲ್ಲಿ 270 ಸಾಕು. ಬೆಲೆ ತೆರುವುದು ಸಮಯದಲ್ಲಿ. ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳಲ್ಲಿ ವಾರಗಟ್ಟಲೆ ಸುತ್ತುವಾಗ ಸೌರಫಲಕಗಳೂ ಸೊರಗುತ್ತವೆ.

ಈ ತಾಳ್ಮೆ ಒಮ್ಮೆ ಒಂದು ಉಪಗ್ರಹದ ಪ್ರಾಣವನ್ನೇ ಉಳಿಸಿತು. 2001ರ ಜುಲೈ 12ರಂದು ಯುರೋಪಿನ ಆರ್ಟೆಮಿಸ್, ರಾಕೆಟ್ಟಿನ ಕೊನೆಯ ಹಂತ ಕೈಕೊಟ್ಟು, ತಪ್ಪು ಕಕ್ಷೆ ಸೇರಿತು. ತನ್ನ ದ್ರವ ಇಂಧನ ಸುರಿದು ಅದು 31,000 ಕಿ.ಮೀ. ತನಕ ಏರಿತು. ಉಳಿದ ಸುಮಾರು 5,000 ಕಿ.ಮೀ.ಗೆ ಇದ್ದದ್ದು ಜಾಗ ಕಾಯಲೆಂದು ಇಟ್ಟಿದ್ದ ಅಯಾನು ಇಂಜಿನ್ನುಗಳು. ಒಂದರ ಬಲ 15 ಮಿಲಿನ್ಯೂಟನ್, ಅಂದರೆ ಅಂಗೈ ಮೇಲಿಟ್ಟ ಎರಡು-ಮೂರು ಕಡಲೇಬೀಜದ ಭಾರ! ದಿನಕ್ಕೆ ಸುಮಾರು 15 ಕಿ.ಮೀ.ಯಂತೆ ಏರಿ, 2003ರ ಜನವರಿ 31ರಂದು ಅದು ಗುರಿ ಮುಟ್ಟಿತು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.