ಸಹಿಯಿಲ್ಲದ ಹುಂಡಿಗಳು

ಪುಣೆ ಕ್ಯಾಂಪಿನ ಬೀದಿಗಳಲ್ಲಿ ನಡೆದುಹೋಗುವವರ ಕಿವಿಗೆ ಒಂದೇ ಫರ್ಲಾಂಗಿನೊಳಗೆ ಆರೇಳು ಭಾಷೆಗಳು ಬೀಳುವುದು ಹೊಸತೇನಲ್ಲ. 1817ರ ತರುವಾಯ ಸೈನ್ಯದ ಬೀಡಾಗಿ ಬೆಳೆದ ಈ ದಂಡುಪ್ರದೇಶಕ್ಕೆ ಪಾರಸಿಗಳು, ಇರಾನಿಗಳು, ಬೋಹರಾ ವರ್ತಕರು, ತಮಿಳರು, ಗೋವೆಯವರು ಬಂದಂತೆಯೇ ಕನ್ನಡಿಗರೂ ಬಂದು ನೆಲೆಸಿದರು. ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು ಎಂಬ ವ್ಯವಸ್ಥೆಯಲ್ಲಿ ಎರಡು ಮೂರು ತಲೆಮಾರುಗಳು ನೆಮ್ಮದಿಯಿಂದ ಬಾಳಿವೆ. ಆ ನೆಮ್ಮದಿಗೆ ಒಂದು ರಾತ್ರಿಯ ಮಟ್ಟಿಗಾದರೂ ಭಂಗ ಬಂದದ್ದು 2022ರ ಡಿಸೆಂಬರ್ 6ರಂದು.

ರಕ್ಷಣಾ ಇಲಾಖೆಯ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರಾಗಿ ಕ್ಯಾಂಪಿನಲ್ಲಿಯೇ ನೆಲೆಸಿರುವ ಹಿರಿಯರೊಬ್ಬರಿದ್ದಾರೆ. ಮೂಲತಃ ಬೆಳಗಾವಿ ಜಿಲ್ಲೆಯವರು. ಹುಬ್ಬಳ್ಳಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವವಳಿದ್ದಳು. ಮರುದಿನ ರಾತ್ರಿಯ ಬಸ್ಸಿಗೆ ಟಿಕೇಟು ಆಗಿತ್ತು. ಅಂದು ಸಾಯಂಕಾಲ ಅವರ ಮೊಬೈಲಿಗೆ ಅರ್ಧ ತಾಸಿನ ಅಂತರದಲ್ಲಿ ಎರಡು ಸಂದೇಶಗಳು ಬಂದವು. ಮೊದಲನೆಯದು ಬೆಳಗಾವಿಯ ಅಣ್ಣನ ಮಗನಿಂದ: ಪುಣೆಯಲ್ಲಿ ಕನ್ನಡಿಗರ ಮನೆಗಳನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದಾರೆ, ಯಾರೂ ಹೊರಗೆ ಬರಬೇಡಿರಿ ಎಂದು. ಎರಡನೆಯದು ಅವರಿರುವ ವಸತಿಸಮುಚ್ಚಯದ ಮರಾಠಿ ಬಳಗದಿಂದ: ಬೆಳಗಾವಿಯಲ್ಲಿ ಮರಾಠಿ ಪ್ರಯಾಣಿಕರನ್ನು ಕೆಳಗಿಳಿಸಿ ಬಸ್ಸಿಗೆ ಬೆಂಕಿ ಇಟ್ಟಿದ್ದಾರೆ ಎಂದು, ಜೊತೆಗೆ ಉರಿಯುತ್ತಿರುವ ಬಸ್ಸಿನ ಚಿತ್ರ. ಹಿರಿಯರು ಅಣ್ಣನ ಮಗನಿಗೆ ಕೂಡಲೆ ಫೋನು ಮಾಡಿದರು.

“ಇದನ್ನ ಬರದವರು ಯಾರಪಾ?”

“ಯಾರೋ ಗೊತ್ತಿಲ್ಲ ಕಾಕಾ. ನಮ್ಮ ಗ್ರೂಪಿಗೆ ಬಂದಿತ್ತು, ನಿಮಗ ಗೊತ್ತಿರ್ಲಿ ಅಂತ ಕಳಸಿದೆ.”

ನೆರೆಮನೆಯ ಮರಾಠಿ ಗೃಹಸ್ಥರನ್ನು ಕೇಳಿದಾಗಲೂ ಇದೇ ಉತ್ತರ, ಭಾಷೆ ಮಾತ್ರ ಬೇರೆ. ರಕ್ತದೊತ್ತಡದ ಗುಳಿಗೆ ನುಂಗಿ ಮಲಗಿದ ಹಿರಿಯರಿಗೆ ಅಂದು ನಿದ್ರೆ ಬರಲಿಲ್ಲ.

ಅಂದು ನಿಜವಾಗಿ ನಡೆದದ್ದು ಕೂಡ ಒಳ್ಳೆಯದೇನಲ್ಲ. ಬೆಳಗಾವಿಯ ಸಮೀಪ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿದ್ದವು. ಪುಣೆಯ ಸ್ವಾರಗೇಟ್ ಪ್ರದೇಶದಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಳಿಯಲಾಯಿತು. ಮಹಾರಾಷ್ಟ್ರದ ಸಾರಿಗೆ ನಿಗಮವು ಕರ್ನಾಟಕಕ್ಕೆ ಹೋಗುವ ಬಸ್ಸುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಇವು ಖಂಡನೀಯವೇ. ಆದರೆ ಕಲ್ಲು ಮತ್ತು ಬಣ್ಣಗಳು ಸಂದೇಶಗಳಲ್ಲಿ ಬೆಂಕಿಯಾಗಿ, ನರಬೇಟೆಯಾಗಿ ಬೆಳೆದದ್ದು ಹೇಗೆ? ಅದೇ ತಿಂಗಳ 14ರಂದು ದೆಹಲಿಯಲ್ಲಿ ಉಭಯ ರಾಜ್ಯಗಳ ಮುಖ್ಯಮಂತ್ರಿಗಳ ಸಭೆ ನಡೆಸಿದ ಕೇಂದ್ರ ಗೃಹಮಂತ್ರಿ ಅಮಿತ್ ಶಾ ಅವರು, ನಾಯಕರ ಹೆಸರಿನಲ್ಲಿ ತೆರೆದ ನಕಲಿ ಟ್ವಿಟರ್ ಖಾತೆಗಳೂ ಈ ವಿವಾದವನ್ನು ಉಲ್ಬಣಗೊಳಿಸಿದವೆಂದು ಬಹಿರಂಗವಾಗಿಯೇ ಹೇಳಿದರು. ಎರಡು ರಾಜ್ಯಗಳ ನಡುವಿನ ವ್ಯಾಜ್ಯದಲ್ಲಿ ಆಡದ ಮಾತಿಗೆ ಉತ್ತರ, ಆ ಉತ್ತರಕ್ಕೆ ಪ್ರತ್ಯುತ್ತರ!

ಗಡಿಯ ಪ್ರಶ್ನೆಯ ವಿಷಯದಲ್ಲಿ ಓದಬೇಕಾದದ್ದು ಬೇಕಾದಷ್ಟಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮಹಾರಾಷ್ಟ್ರದ ಆಕ್ಷೇಪಣೆಯ ಮೇರೆಗೆ 1966ರಲ್ಲಿ ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಮೆಹರ್‌ಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿತು. 1967ರಲ್ಲಿ ಒಪ್ಪಿಸಿದ ವರದಿಯಲ್ಲಿ ಬೆಳಗಾವಿ ನಗರವು ಮೈಸೂರಿನಲ್ಲಿಯೇ ಇರಬೇಕೆಂದೂ, 264 ಗ್ರಾಮಗಳು ಮಹಾರಾಷ್ಟ್ರಕ್ಕೂ 247 ಗ್ರಾಮಗಳು ಮೈಸೂರಿಗೂ ಹೋಗಬೇಕೆಂದೂ ಆಯೋಗವು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು.

ಈ ಎರಡು ಸಂಖ್ಯೆಗಳೂ ಒಟ್ಟಿಗೆ ಇರುವ ಸಂದೇಶವನ್ನು ಕಂಡವರು ವಿರಳ. ಒಂದು ಕಡೆಯವರದರಲ್ಲಿ 264, ಮತ್ತೊಂದು ಕಡೆಯವರದರಲ್ಲಿ 247. ಖಾತೆಪುಸ್ತಕದ ಜಮೆಯ ಬದಿಯನ್ನಷ್ಟೇ ತೋರಿಸಿ ಖರ್ಚಿನ ಬದಿಯನ್ನು ಹರಿದು ಹಾಕಿದಂತೆ. ‘ಮಹಾಜನ್ ವರದಿಯೇ ಅಂತಿಮ’ ಎಂದು ಉದ್ಘೋಷಿಸುವ ಕನ್ನಡಿಗರಲ್ಲಿ, ಆ ವರದಿಯ ಪ್ರಕಾರ ನಿಪ್ಪಾಣಿಯನ್ನೂ ಖಾನಾಪುರವನ್ನೂ ಬಿಟ್ಟುಕೊಡಬೇಕಾಗುವುದೆಂಬುದನ್ನು ಬಲ್ಲವರು ಎಷ್ಟು ಜನ? ಬಲ್ಲವರಾದರೂ ಹೇಳುವವರು ಎಷ್ಟು ಜನ? ಇದನ್ನು ಹೇಳಿದವನು ಸ್ವಪಕ್ಷದ್ರೋಹಿಯೆನಿಸುವನು. ಆದ್ದರಿಂದ ಬಲ್ಲವರು ಮೌನಿಗಳಾಗಿರುವರು, ಅರಿಯದವರು ವಾಗ್ಮಿಗಳಾಗಿರುವರು.

ಈ ಗದ್ದಲದಲ್ಲಿ ಎಲ್ಲರಿಗಿಂತ ಹೆಚ್ಚು ನಷ್ಟವಾದದ್ದು ಜತ್ತ ತಾಲೂಕಿನವರಿಗೆಂದು ತೋರುತ್ತದೆ. ಸಾಂಗಲಿ ಜಿಲ್ಲೆಯ ಈ ಬರಪೀಡಿತ ತಾಲೂಕಿನ ಗಡಿಭಾಗದ ಹಳ್ಳಿಗಳಲ್ಲಿ ಕನ್ನಡ ಮಾತನಾಡುವವರು ಬಹುಸಂಖ್ಯೆಯಲ್ಲಿದ್ದಾರೆ. ಕನ್ನಡ ಶಾಲೆಗಳೂ ಇವೆ. ನೀರಿಲ್ಲದೆ ಬೇಸತ್ತು, ಕರ್ನಾಟಕಕ್ಕಾದರೂ ಸೇರುತ್ತೇವೆಂದು ಅಲ್ಲಿನ ಕೆಲವು ಪಂಚಾಯತಿಗಳು ಹಿಂದೊಮ್ಮೆ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಆ ಠರಾವಿನ ಪ್ರಸ್ತಾಪ ಬಂದದ್ದೇ ತಡ, ಹಳ್ಳಿಗಳು ಯಾರವು ಎಂಬುದರ ಮೇಲೆ ಸಾವಿರಾರು ಸಂದೇಶಗಳು ಹಾರಾಡಿದವು. ಕೃಷ್ಣೆಯ ನೀರನ್ನೆತ್ತಿ ಒಣನೆಲಕ್ಕೆ ಹರಿಸುವ ಮ್ಹೈಸಾಳ ಯೋಜನೆ ಆ ಊರುಗಳನ್ನು ಎಂದು ಮುಟ್ಟೀತು, ಕರ್ನಾಟಕದ ಕಾಲುವೆಯಿಂದಲೇ ನೀರು ಕೊಡುವುದು ಸುಲಭವೇ ಎಂಬ ಚರ್ಚೆಗೆ ಆ ಉತ್ಸಾಹ ಎಲ್ಲಿಂದ ಬರಬೇಕು? ಕೊಡ ಹಿಡಿದು ನಿಂತವಳಿಗೆ ಬೇಕಾದದ್ದು ನೀರು, ಸಿಕ್ಕಿದ್ದು ಜಯಘೋಷ.

ಬ್ಯಾಂಕಿನ ವ್ಯವಹಾರದಲ್ಲಿ ಒಂದು ನಿಯಮವುಂಟು. ಹುಂಡಿಯಾಗಲಿ ಚೆಕ್ಕಾಗಲಿ ಕೈಯಿಂದ ಕೈಗೆ ಸಾಗುವಾಗ ಬೆನ್ನಿಗೆ ಸಹಿ ಹಾಕಿ ದಾಟಿಸಿದವನು, ಹೊಣೆ ತನ್ನದಲ್ಲವೆಂದು ಸ್ಪಷ್ಟವಾಗಿ ಬರೆಯದಿದ್ದಲ್ಲಿ, ಮುಂದಿನವನಿಗೆ ಜವಾಬ್ದಾರನಾಗುತ್ತಾನೆ. 1881ರ ಪರಕ್ರಾಮ್ಯ ಪತ್ರಗಳ ಕಾಯಿದೆ ಇದನ್ನು ವಿಧಿಸಿದೆ. ‘ನನಗೆ ಬಂದಿತ್ತು, ನಿಮಗೆ ಕಳಿಸಿದೆ’ ಎಂಬ ಸಮಾಧಾನ ಅಲ್ಲಿ ನಡೆಯದು. ಮೊಬೈಲಿನ ಸಂದೇಶಕ್ಕಾದರೋ ಬರೆದವನ ಸಹಿಯೂ ಇಲ್ಲ, ದಾಟಿಸಿದವನ ಹೊಣೆಯೂ ಇಲ್ಲ, ತಾರೀಖೂ ಇಲ್ಲ. ವದಂತಿಗಳಿಂದ ಕೊಲೆಗಳೇ ನಡೆದ 2018ರಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗೆ ಮಾತ್ರ ದಾಟಿಸಬಹುದೆಂದು ಮಿತಿ ಹಾಕಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶವಾದರೆ ಒಮ್ಮೆಗೆ ಒಂದೇ ಕಡೆಗೆ ಎಂದಿತು. ಅಂಥ ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ವೇಗ ತಗ್ಗಿತೇನೋ ಸರಿ, ಹೊಣೆ ಹುಟ್ಟಲಿಲ್ಲ.

ಹಿಂದಿನ ಕಾಲದ ಪುಣೆಯಲ್ಲಿ ಎಲ್ಲರೂ ಸೌಮ್ಯವಾಗಿ ವಾದಿಸುತ್ತಿದ್ದರೆಂದು ಭ್ರಮಿಸಬೇಕಾಗಿಲ್ಲ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ವಸಂತ ವ್ಯಾಖ್ಯಾನಮಾಲೆಯನ್ನು ಆರಂಭಿಸಿದ ಇದೇ ಊರಿನಲ್ಲಿ, ಸಮಾಜ ಸುಧಾರಕ ಆಗರ್ಕರರು ಜೀವಂತರಿರುವಾಗಲೇ ಅವರ ಶವಯಾತ್ರೆ ಹೊರಡಿಸಿದವರಿದ್ದರು. 1895ರ ಕಾಂಗ್ರೆಸ್ ಅಧಿವೇಶನದ ಮಂಟಪದಲ್ಲಿ ಸಾಮಾಜಿಕ ಪರಿಷತ್ತು ಕೂಡಬಾರದೆಂದು ಎದ್ದ ಕೋಲಾಹಲ ಎಷ್ಟಿತ್ತೆಂದರೆ, ರಾನಡೆಯವರು ಪರಿಷತ್ತನ್ನೇ ಬೇರೆಡೆಗೆ ಒಯ್ದರು. ಆದರೂ ಟಿಳಕರ ‘ಕೇಸರಿ’ಗೆ ಆಗರ್ಕರರ ‘ಸುಧಾರಕ’ ಉತ್ತರ ಕೊಡುವಾಗ ಇಂಥವರು ಇಂಥವರಿಗೆ ಹೇಳಿದರೆಂಬುದು ಊರಿಗೆಲ್ಲ ಗೊತ್ತಿತ್ತು. ವಾರಪತ್ರಿಕೆಗಳಾದ್ದರಿಂದ ಸಿಟ್ಟು ಆರುವುದಕ್ಕೆ ಕೆಲವು ದಿನಗಳ ಅವಕಾಶವಾದರೂ ಇತ್ತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂದೆ ಕರ್ನಾಟಕದ ಏಕೀಕರಣಕ್ಕಾಗಿ ಜೀವ ತೇದ ಆಲೂರ ವೆಂಕಟರಾಯರೇ ಟಿಳಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದರು. ಕನ್ನಡ ನೆಲಕ್ಕಾಗಿ ಅವರಷ್ಟು ದುಡಿದವರು ಎಷ್ಟು ಜನರಿದ್ದಾರು? ಅದಕ್ಕಾಗಿ ಮರಾಠಿಯ ಹಿರಿಯ ಗ್ರಂಥವನ್ನು ದೂರವಿಡಬೇಕೆಂದು ಅವರಿಗೆ ತೋರಲಿಲ್ಲ.

ಎರಡೂ ಭಾಷೆಗಳ ಪತ್ರಿಕೆಗಳನ್ನು ಓದಬಲ್ಲವರು, ಎರಡೂ ಕಡೆಯ ಸಂದೇಶಗಳನ್ನು ಎದುರುಬದುರು ಇಟ್ಟು ನೋಡಬಲ್ಲವರು ಪುಣೆಯ ಕನ್ನಡಿಗರೇ. ಬೆಂಗಳೂರಿನವರಿಗೂ ಮುಂಬಯಿಯ ಮಂತ್ರಾಲಯದವರಿಗೂ ಇಲ್ಲದ ಅನುಕೂಲವಿದು. ಆ ಡಿಸೆಂಬರಿನಲ್ಲಿ ಬಹುಮಂದಿ ಇದನ್ನು ಬಳಸಲಿಲ್ಲ. ಕನ್ನಡದ ಸಂದೇಶವನ್ನು ಕನ್ನಡದ ಬಳಗಕ್ಕೆ ದಾಟಿಸಿ, ಮರಾಠಿಯ ಬಳಗದಲ್ಲಿ ಸುಮ್ಮನಿದ್ದರು.

ಮರುದಿನ ಬೆಳಿಗ್ಗೆ ಕ್ಯಾಂಪಿನ ಆ ಹಿರಿಯರು ರಿಕ್ಷಾ ಹಿಡಿದು ಸ್ವಾರಗೇಟಿಗೆ ಹೋದರು. ಸುಟ್ಟ ಬಸ್ಸು ಯಾವುದೂ ಕಾಣಲಿಲ್ಲ. ವಿಚಾರಣೆಯ ಕಿಟಕಿಯಲ್ಲಿದ್ದವರು, ಬಸ್ಸುಗಳು ಸದ್ಯ ನಿಂತಿವೆ, ಎರಡು ದಿನ ತಡೆದು ಬರಹೇಳಿರಿ ಎಂದು ಮರಾಠಿಯಲ್ಲಿ ಸಾವಧಾನವಾಗಿ ತಿಳಿಸಿದರು. ಗರ್ಭಿಣಿಯೆಂದು ಕೇಳಿ, ರೈಲು ಮೇಲು ಎಂದೂ ಸೇರಿಸಿದರು. ಹಿರಿಯರು ಮನೆಗೆ ಬಂದು, ಕಂಡದ್ದನ್ನು ನಾಲ್ಕು ಸಾಲುಗಳಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು, ಕೆಳಗೆ ತಮ್ಮ ಹೆಸರು, ಹೊತ್ತು, ತಾರೀಖು ನಮೂದಿಸಿ ಎರಡೂ ಬಳಗಗಳಿಗೆ ಕಳಿಸಿದರು. ನೆರೆಮನೆಯ ಗೃಹಸ್ಥರು ಉರಿಯುವ ಬಸ್ಸಿನ ಚಿತ್ರವನ್ನು ತೆಗೆದುಹಾಕಿದರು. ಬೆಳಗಾವಿಯ ಅಣ್ಣನ ಮಗ ಮಾತ್ರ ಸಂಜೆಯವರೆಗೂ ಉತ್ತರಿಸಲಿಲ್ಲ, ಆಮೇಲೆ, “ತಂಗಿ ಯಾವಾಗ ಬರ್ತಾಳ ಕಾಕಾ?” ಎಂದು ಕೇಳಿದನು.